ಅಡಿಕೆ ಸಿಪ್ಪೆಯಿಂದ ಕೊಳೆಯುವ ತೊಟ್ಟೆ: ನಮ್ಮ ಊರಿನಲ್ಲೇ ಆಗಬಹುದಾ?

ನೀರ್ಚಾಲಿನ ತೋಟದವ (ಜನವರಿ)

ನಮ್ಮದು ಕಾಸರಗೋಡು ಜಿಲ್ಲೆ. ಕಳೆದ ವಾರ ಗಾಳಿಗೆ ಬಿದ್ದ ಅಡಿಕೆ ಮರವೊಂದರ ಬುಡ ಕೀಳಿಸಿದೆ. ಬೇರಿನ ನಡುವೆ ಕಪ್ಪು ತೊಟ್ಟೆ (ಗಿಡ ಬೆಳೆಸುವ ಪ್ಲಾಸ್ಟಿಕ್ ಚೀಲ) ಸಿಕ್ಕಿತು. ಆ ಗಿಡ ನೆಟ್ಟದ್ದು ನಾನೇ, 2006ರಲ್ಲಿ. ಮಳೆ ಹಿಡಿದಿತ್ತು, ಅವಸರ ಇತ್ತು. ತೊಟ್ಟೆಯ ಅಡಿ ಮಾತ್ರ ಸೀಳಿ ಗುಂಡಿಗೆ ಇಳಿಸಿರಬೇಕು. ಬುಡ ದಪ್ಪ ಆಗುವಾಗ ತೊಟ್ಟೆ ಹರಿದಿದೆ, ಆದರೆ ಹರಿದ ತುಂಡುಗಳು ಬೇರಿಗೆ ಸಿಕ್ಕಿಕೊಂಡು ಹಾಗೇ ಇವೆ. ಮಣ್ಣು ತೊಳೆದು ಬಿಸಿಲಿಗೆ ಹಿಡಿದೆ. ನೀರು ಇಳಿಯಲು ಹೊಡೆದ ತೂತುಗಳು ಈಗಲೂ ದುಂಡಗಿವೆ. ಎಳೆದರೆ ರಬ್ಬರಿನ ಹಾಗೆ ಬರುತ್ತದೆ. ಇಪ್ಪತ್ತು ವರ್ಷ ಆಗುತ್ತಾ ಬಂತು, ಮಣ್ಣು ಅದಕ್ಕೆ ಏನೂ ಮಾಡಿಲ್ಲ.

ಪ್ರತಿ ವರ್ಷ ಅಡಿಕೆ, ಕರಿಮೆಣಸು, ಕೊಕ್ಕೊ ಗಿಡಕ್ಕೆ ಎಷ್ಟು ತೊಟ್ಟೆ ತರುತ್ತೇವೆ! ಅಡಿಕೆ ಗಿಡಕ್ಕೆ 25 ಸೆಂಟಿಮೀಟರ್ ಉದ್ದ, 15 ಸೆಂಟಿಮೀಟರ್ ಅಗಲ, 150 ಗೇಜ್ ದಪ್ಪ. ನೆಟ್ಟ ದಿನ ಸೀಳಿ ಬಿಸಾಡುವುದು. ಅರ್ಧ ತೋಟದ ಮೂಲೆಯಲ್ಲಿ, ಅರ್ಧ ತರಗೆಲೆಯ ಜೊತೆ ಬೆಂಕಿಗೆ. ಆ ಹೊಗೆ ಕುಡಿಯುವವರು ನಾವೇ.

ಇನ್ನೊಂದು ಕಡೆ ಚಾಲಿ (ಒಣಗಿಸಿದ ಅಡಿಕೆ) ಸುಲಿದ ಸಿಪ್ಪೆ ಮನೆಯ ಹಿಂದೆ ಗುಡ್ಡದ ಹಾಗೆ ಬಿದ್ದಿದೆ. ಹಾಳೆ (ಅಡಿಕೆ ಸೋಗೆಯ ಬುಡದ ಅಗಲ ಭಾಗ) ಇದೆ, ಬಾಳೆ ದಿಂಡು ಇದೆ, ತೆಂಗಿನ ನಾರಿನ ಹುಡಿ ಇದೆ. ಕೃಷಿಯ ಕಸದಿಂದ ಪ್ಲಾಸ್ಟಿಕ್ ಮಾಡುತ್ತಾರೆ ಅಂತ ಎಲ್ಲ ಕಡೆ ಓದುತ್ತೇವೆ. ನಮ್ಮ ಸಿಪ್ಪೆಯಿಂದ ಗಿಡದ ತೊಟ್ಟೆ ಮಾಡಲು ಆಗುವುದಿಲ್ಲವಾ? ತಿಳಿದವರು ಇದ್ದರೆ ದಯವಿಟ್ಟು ಬರೆಯಿರಿ.

ಇನ್ನೂ ಒಂದು ಮಾತು. ಎರಡು ವರ್ಷ ಹಿಂದೆ ಒಬ್ಬರು 'ಮಣ್ಣಲ್ಲಿ ಕರಗುವ ತೊಟ್ಟೆ' ಅಂತ ಮಾರಿದರು. ಜಾಸ್ತಿ ದುಡ್ಡು ಕೊಟ್ಟು ತಂದೆ. ದನದ ಹಟ್ಟಿಯ ಗೊಬ್ಬರದಲ್ಲಿ ಹೂತು 14 ತಿಂಗಳು ಬಿಟ್ಟೆ. ತೆಗೆದಾಗ ಉಗುರಿನಷ್ಟು ಚೂರು ಚೂರು ಆಗಿತ್ತು. ಕರಗಿದ್ದು ಅಂತ ಹೇಳಲು ಮನಸ್ಸು ಬರಲಿಲ್ಲ. ಆ ಗೊಬ್ಬರವನ್ನು ತೋಟಕ್ಕೆ ಹಾಕದೆ ಹಾಗೇ ಇಟ್ಟಿದ್ದೇನೆ.

ಮಂಜೇಶ್ವರದ ವಿದ್ಯಾರ್ಥಿನಿ

ಮಂಗಳೂರಿನಲ್ಲಿ ಪಾಲಿಮರ್ ವಿಷಯದಲ್ಲೇ ಓದುತ್ತಿದ್ದೇನೆ. ಮನೆಯಲ್ಲಿ ಅಡಿಕೆ ತೋಟ ಇರುವುದರಿಂದ ಈ ಪ್ರಶ್ನೆ ನನ್ನದೂ ಹೌದು.

ಮೊದಲು ಆ ಚೂರಾದ ತೊಟ್ಟೆ. ಸಾಮಾನ್ಯ ಪಾಲಿಥೀನ್‌ಗೆ ಲೋಹದ ಲವಣ ಬೆರೆಸಿ ಮಾರುವುದುಂಟು. ಬಿಸಿಲು, ಬಿಸಿ ತಾಗಿದರೆ ಅದು ಬೇಗ ಪುಡಿಯಾಗುತ್ತದೆ. ಪುಡಿಯಾಗುವುದು ಬೇರೆ, ಕೊಳೆಯುವುದು ಬೇರೆ. ಕೊಳೆಯುವುದು ಅಂದರೆ ಸೂಕ್ಷ್ಮಜೀವಿ ಅದನ್ನು ತಿಂದು ಇಂಗಾಲದ ಡೈ ಆಕ್ಸೈಡ್, ನೀರು ಮತ್ತು ತನ್ನದೇ ಮೈ ಆಗಿ ಮಾಡಬೇಕು. ನಿಮ್ಮದು ಬಹುಶಃ ಮೊದಲನೇ ಜಾತಿ. ತೋಟಕ್ಕೆ ಹಾಕದೆ ಇಟ್ಟದ್ದು ಒಳ್ಳೆಯದಾಯಿತು.

ಎರಡನೆಯದು 'ಕಾಂಪೋಸ್ಟಬಲ್' ಅಂತ ಬರೆದ ಚೀಲ. ಇದಕ್ಕೆ ನಮ್ಮ ದೇಶದಲ್ಲಿ ಐಎಸ್/ಐಎಸ್‌ಒ 17088 ಎಂಬ ಮಾನದಂಡ ಇದೆ. 180 ದಿನದ ಒಳಗೆ ಅದರ ಇಂಗಾಲದ 90 ಶೇಕಡಾ ಗಾಳಿಗೆ ಹೋಗಬೇಕು. ಆದರೆ ಆ ಪರೀಕ್ಷೆ ನಡೆಯುವುದು ಸುಮಾರು 58 ಡಿಗ್ರಿ ಬಿಸಿಯಲ್ಲಿ. ನಮ್ಮ ತೋಟದ ಮಣ್ಣು ಅಷ್ಟು ಬಿಸಿ ಆಗುವುದೇ ಇಲ್ಲ. ಇಂಥ ಚೀಲಗಳಲ್ಲಿ ಹೆಚ್ಚಿನವು ಪಿಬಿಎಟಿ ಎಂಬ ವಸ್ತುವಿನಿಂದ ಮಾಡಿದವು. ಅದಕ್ಕೆ ಸ್ವಲ್ಪ ಪಿಷ್ಟ ಅಥವಾ ಪಿಎಲ್ಎ ಎಂಬ ಇನ್ನೊಂದು ಕೊಳೆಯುವ ಪ್ಲಾಸ್ಟಿಕ್ ಬೆರೆಸುತ್ತಾರೆ. ಪಿಬಿಎಟಿ ಬರುವುದು ಮುಖ್ಯವಾಗಿ ಕಲ್ಲೆಣ್ಣೆಯಿಂದ. ಅದೂ ಕೊಳೆಯುತ್ತದೆ, ಸುಳ್ಳಲ್ಲ. ಆದರೆ 'ಕೊಳೆಯುತ್ತದೆ' ಅಂದ ಕೂಡಲೇ 'ಗಿಡದಿಂದ ಬಂದದ್ದು' ಅಂತ ತಿಳಿಯಬಾರದು.

ಈಗ ಅಡಿಕೆ ಸಿಪ್ಪೆ. ಅದರಲ್ಲಿ ಇರುವುದು ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್. ಸೆಲ್ಯುಲೋಸ್ ನಾರು, ಲಿಗ್ನಿನ್ ಅದನ್ನು ಬಿಗಿದು ಹಿಡಿದ ಅಂಟು. ಕಷ್ಟ ಏನೆಂದರೆ ಸೆಲ್ಯುಲೋಸ್ ಕರಗಿ ನೀರಾಗುವುದಿಲ್ಲ. ಕಾಯಿಸಿದರೆ ಕರಗುವ ಮೊದಲೇ ಕರಟುತ್ತದೆ. ಪಾಲಿಥೀನ್ ಕಾಳನ್ನು ಕರಗಿಸಿ ಬಲೂನಿನ ಹಾಗೆ ಊದಿ ತೊಟ್ಟೆ ಮಾಡುತ್ತಾರಲ್ಲ, ಸಿಪ್ಪೆಯಿಂದ ನೇರವಾಗಿ ಹಾಗೆ ಮಾಡಲು ಆಗದು. ಮುಖ್ಯವಾಗಿ ಎರಡು ದಾರಿ. ಒಂದು, ಸೆಲ್ಯುಲೋಸನ್ನು ಕತ್ತರಿಸಿ ಸಕ್ಕರೆ ಮಾಡಿ ಅದನ್ನು ಬ್ಯಾಕ್ಟೀರಿಯಾಕ್ಕೆ ತಿನ್ನಿಸುವುದು. ಇನ್ನೊಂದು, ನಾರನ್ನು ನಾರಾಗಿಯೇ ಬಳಸುವುದು.

ಮೊದಲ ದಾರಿಯಲ್ಲಿ ಬ್ಯಾಕ್ಟೀರಿಯಾ ಲ್ಯಾಕ್ಟಿಕ್ ಆಮ್ಲ ಕೊಟ್ಟರೆ ಅದರಿಂದ ಪಿಎಲ್ಎ. ನಮ್ಮ ಮೊಸರಿನಲ್ಲಿ ಹುಳಿ ಬರಿಸುವುದೂ ಅದೇ ಆಮ್ಲ. ಕೆಲವು ಬ್ಯಾಕ್ಟೀರಿಯಾ ಇನ್ನೂ ಸೊಗಸಾದ ಕೆಲಸ ಮಾಡುತ್ತವೆ. ಸಕ್ಕರೆ ಜಾಸ್ತಿ ಇದ್ದು ಸಾರಜನಕ ಕಡಿಮೆ ಆದಾಗ, ನಾವು ಕೊಬ್ಬು ಕೂಡಿಡುವ ಹಾಗೆ ಅವು ಮೈಯೊಳಗೆ ಪ್ಲಾಸ್ಟಿಕ್ ಕೂಡಿಡುತ್ತವೆ! ಹೆಸರು ಪಿಎಚ್‌ಬಿ. ಫ್ರಾನ್ಸಿನ ಮೊರಿಸ್ ಲೆಮ್ವಾನ್ ಇದನ್ನು 1926ರಷ್ಟು ಹಿಂದೆಯೇ ಕಂಡುಹಿಡಿದರು. ಚೆನ್ನಾಗಿ ಸಾಕಿದರೆ ಒಣಗಿದ ಬ್ಯಾಕ್ಟೀರಿಯಾದ ತೂಕದಲ್ಲಿ 80 ಶೇಕಡಾದವರೆಗೂ ಅದೇ ಇರುತ್ತದೆ. ಇದು 58 ಡಿಗ್ರಿ ಬಿಸಿ ಕೇಳುವುದಿಲ್ಲ. ಸಾಮಾನ್ಯ ಮಣ್ಣಲ್ಲೇ, ನೀರಲ್ಲೇ ಕೊಳೆಯುತ್ತದೆ. ನಿಮ್ಮ ಕೆಲಸಕ್ಕೆ ಬೇಕಾದದ್ದು ನಿಜವಾಗಿ ಇದು. ಆದರೆ ಶುದ್ಧ ತೊಟ್ಟಿ, ಹುದುಗು ಯಂತ್ರ, ದ್ರಾವಕ ಎಲ್ಲ ಬೇಕು. ಪಾಲಿಥೀನ್‌ಗಿಂತ ಬೆಲೆಯೂ ಬಹಳ ಜಾಸ್ತಿ. ಹಿತ್ತಿಲಲ್ಲಿ ಆಗುವ ಕೆಲಸ ಅಲ್ಲ.

ನಾರಿನ ದಾರಿ ಮಾತ್ರ ಹಿತ್ತಿಲಿಗೂ ಬರುತ್ತದೆ. ಸಿಪ್ಪೆಯನ್ನು ಮೆದು ಮಾಡಿ, ಮರಗೆಣಸಿನ ಪಿಷ್ಟದಿಂದ ಅಂಟಿಸಿ, ಅಚ್ಚಿನಲ್ಲಿ ಒತ್ತಿದರೆ ತೊಟ್ಟೆ ಬರದಿದ್ದರೂ ಚಟ್ಟಿ (ಗಿಡದ ಕುಂಡ) ಬರಬಹುದು.

ಪೆರ್ಲದ ಅಜ್ಜ

ಸಿಪ್ಪೆಯನ್ನು ಕಸ ಅಂತ ಕರೆಯಬೇಡಿ ಮಗಾ. ನಮ್ಮ ಬಚ್ಚಲ ಒಲೆ ಉರಿಯುವುದು ಅದರಿಂದ. ಬೂದಿ ಹೋಗುವುದು ತೆಂಗಿನ ಬುಡಕ್ಕೆ. ಉಳಿದದ್ದು ಅಡಿಕೆ ಬುಡಕ್ಕೆ ಹೊದಿಕೆ. ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಶ್ ಕೊಡಿ ಅಂತ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಯವರು ಹೇಳುತ್ತಾರೆ. ಆ ಪೊಟ್ಯಾಶಿನ ಒಂದು ಪಾಲು ಸಿಪ್ಪೆಯಲ್ಲೇ ಇದೆ. ಅದನ್ನು ಲಾರಿಗೆ ತುಂಬಿಸಿ ಕಳಿಸಿದರೆ, ಮತ್ತೆ ಅಂಗಡಿಯಿಂದ ಚೀಲದಲ್ಲಿ ತರಬೇಕು.

ಹಿಂದೆ ಇದೆಲ್ಲ ಇರಲಿಲ್ಲ ಅಂತ ಸುಮ್ನೆ ಹೇಳುವುದಲ್ಲ. ನಮ್ಮಲ್ಲಿ ಅಕ್ಕಿ ಮುಡಿ ಕಟ್ಟುತ್ತಿದ್ದರು. ಬೈಹುಲ್ಲಿನ ಹಗ್ಗ ಹೊಸೆದು, ಒಳಗೆ ಹುಲ್ಲು ಹಾಸಿ, 42 ಸೇರು ಅಕ್ಕಿ ತುಂಬಿಸಿ, ಕೋಲಿನಿಂದ ಬಡಿದು ಬಡಿದು ದುಂಡಗೆ ಮಾಡುವುದು. ಇಡೀ ಮಳೆಗಾಲ ಅಟ್ಟದಲ್ಲಿ ಕೂತರೂ ಅಕ್ಕಿ ಕೆಡುತ್ತಿರಲಿಲ್ಲ. ಬಿಚ್ಚಿದ ಹುಲ್ಲು ಹಟ್ಟಿಗೆ. ನನ್ನ ತಂದೆ ಒಂದು ಮುಡಿ ಕಟ್ಟಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದರೆಂದು ನೆನಪಿಲ್ಲ, ಆದರೆ ಆ ಬಡಿಯುವ ಸದ್ದು ಈಗಲೂ ಕಿವಿಯಲ್ಲಿದೆ. ಹಾಳೆಯಲ್ಲಿ ತಲೆಗೆ ಹಾಕುವ ಮುಟ್ಟಾಳೆ, ನೀರು ಮೊಗೆಯುವ ಪಡಿಗೆ. ಹುಟ್ಟಿದ ಮಗುವನ್ನು ಮೀಯಿಸುವುದೂ ಹಾಳೆಯಲ್ಲೇ.

ಕುಂಬಳೆಯ ಹರಿತ ಕರ್ಮ ಸೇನೆ

ನಾನು ಮನೆ ಮನೆಗೆ ಹೋಗಿ ಪ್ಲಾಸ್ಟಿಕ್ ಒಟ್ಟು ಮಾಡುವವಳು. ತಿಂಗಳಿಗೆ ಮನೆಯಿಂದ 50 ರೂಪಾಯಿ ತೆಗೆದುಕೊಳ್ಳುತ್ತೇವೆ. ಈ ಕೊಳೆಯುವ ಚೀಲಗಳಿಂದ ನಮಗೆ ಬಹಳ ತೊಂದರೆ. ಕೈಯಲ್ಲಿ ಹಿಡಿದರೆ ಗೊತ್ತೇ ಆಗುವುದಿಲ್ಲ, ಮಾಮೂಲಿ ಚೀಲದ ಹಾಗೇ ಇರುತ್ತದೆ. ಅಕ್ಷರ ಅಳಿಸಿ ಹೋಗಿರುತ್ತದೆ. ಮರುಬಳಕೆಯ ರಾಶಿಗೆ ಸೇರಿದರೆ ಆ ರಾಶಿಯೇ ಹಾಳು. ಬೇರೆ ಇಟ್ಟರೆ ಅದನ್ನು 58 ಡಿಗ್ರಿಯಲ್ಲಿ ಕೊಳೆಸುವ ಜಾಗ ಇಲ್ಲಿ ಎಲ್ಲಿದೆ?

ಕೇರಳದಲ್ಲಿ ಒಂದು ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ 2020ರ ಜನವರಿ 1ರಿಂದ ನಿಷೇಧ ಆಯಿತು. ದೇಶದಲ್ಲಿ ಅಂಥ ಕೆಲವು ವಸ್ತುಗಳು 2022ರ ಜುಲೈ 1ರಿಂದ. ಆದರೂ ಗೋಣಿ ತುಂಬುವುದು ಕಡಿಮೆ ಆಗಿಲ್ಲ. 2023ರ ಮಾರ್ಚಿನಲ್ಲಿ ಕೊಚ್ಚಿಯ ಬ್ರಹ್ಮಪುರದಲ್ಲಿ ಕಸದ ರಾಶಿಗೆ ಬೆಂಕಿ ಬಿದ್ದು ಊರೆಲ್ಲ ಹೊಗೆ ತುಂಬಿದಾಗ ನನಗೆ ನಿದ್ರೆ ಬರಲಿಲ್ಲ. ನಾವು ಹೆಕ್ಕಿದ್ದೂ ಕೊನೆಗೆ ಹೀಗೇ ಆಗುತ್ತದಾ ಅಂತ.

ಅದಕ್ಕೆ ನನ್ನ ಕೋರಿಕೆ. ಅಂಗಡಿ ಚೀಲಕ್ಕೆ ಕೈ ಹಾಕಬೇಡಿ. ನಮ್ಮ ಕೈಗೆ ಮತ್ತೆ ಬರದಂಥ ವಸ್ತು ಮಾಡಿ. ಮಣ್ಣಿಗೆ ಹೋಗುವುದು ಮಣ್ಣಲ್ಲೇ ಮುಗಿಯಲಿ. ಗಿಡದ ತೊಟ್ಟೆ ಅಂದದ್ದು ಸರಿಯಾಗಿದೆ. ಮಣ್ಣು ಮೆತ್ತಿದ ಗಿಡದ ತೊಟ್ಟೆಯನ್ನು ಯಾರೂ ತೊಳೆದು ಕೊಡುವುದಿಲ್ಲ. ಕೊಟ್ಟರೂ ಮರುಬಳಕೆಗೆ ತೆಗೆದುಕೊಳ್ಳುವವರಿಲ್ಲ.

ಅಕ್ಕಲಕೋಟೆಯಿಂದ

ನಮ್ಮದು ಸೊಲ್ಲಾಪುರ ಜಿಲ್ಲೆ, ಕಬ್ಬಿನ ಸೀಮೆ. ಒಂದು ಮಾತು ಸೇರಿಸುತ್ತೇನೆ. 'ಕೃಷಿ ತ್ಯಾಜ್ಯದಿಂದ ಪ್ಲಾಸ್ಟಿಕ್' ಅಂತ ಸುದ್ದಿ ಬಂದಾಗ ಏನು ಹಾಕುತ್ತಾರೆ ಅಂತ ನೋಡಬೇಕು. ಉತ್ತರ ಪ್ರದೇಶದ ಕುಂಭಿಯಲ್ಲಿ ಬಲರಾಮಪುರ ಚೀನಿ ಕಂಪನಿ ವರ್ಷಕ್ಕೆ 80,000 ಟನ್ ಪಿಎಲ್ಎ ಮಾಡುವ ಕಾರ್ಖಾನೆ ಕಟ್ಟುವುದಾಗಿ 2024ರಲ್ಲಿ ಹೇಳಿತು. ಒಳ್ಳೆಯದೇ. ಆದರೆ ಅಲ್ಲಿ ಮೂಲ ವಸ್ತು ಕಬ್ಬಿನ ಸಕ್ಕರೆ. ತ್ಯಾಜ್ಯ ಆದ ಸಿಪ್ಪೆ ಬಾಯ್ಲರಿಗೆ ಹೋಗುತ್ತದೆ, ವಿದ್ಯುತ್ ಆಗುತ್ತದೆ. ಅದಕ್ಕೂ ಬೆಲೆ ಇದೆ. ಅಜ್ಜನವರು ಹೇಳಿದ್ದು ಕಬ್ಬಿನ ಸಿಪ್ಪೆಗೂ ಒಪ್ಪುತ್ತದೆ.

ಮುಳ್ಳೇರಿಯದ ಹಾಳೆತಟ್ಟೆ

ನಾವು ಐದು ಹೆಂಗಸರು ಸೇರಿ ಹಾಳೆತಟ್ಟೆ ಒತ್ತುತ್ತೇವೆ. ಎಂಟು ವರ್ಷ ಆಯಿತು. ಕೃಷಿಯ ಕಸದಿಂದ ಏನಾದರೂ ಮಾಡುವುದು ಅಂದರೆ ಎಷ್ಟು ಹಾಳೆ ಹೆಕ್ಕಿದರೆ ಎಷ್ಟು ದಿನ ಕೂಲಿ ಸಿಗುತ್ತದೆ ಎಂಬ ಲೆಕ್ಕ ನಮಗೆ ಬಾಯಿಪಾಠ.

ಒಂದು ಮರ ವರ್ಷಕ್ಕೆ ಐದಾರು ಸೋಗೆ ಉದುರಿಸುತ್ತದೆ. ಹಾಳೆ ಬಿದ್ದ ದಿನವೇ ಹೆಕ್ಕಿದರೆ ಬಿಳಿ ಇರುತ್ತದೆ. ಒಂದು ಮಳೆ ತಾಗಿದರೆ ಕಪ್ಪು ಚುಕ್ಕೆ. ಎರಡು ಮಳೆ ತಾಗಿದರೆ ಬೂಸ್ಟು. ಹಾಗಾಗಿ ಒಂದು ವರ್ಷದ ಹಾಳೆಯನ್ನು ಬೇಸಿಗೆಯಲ್ಲೇ ಒಣಗಿಸಿ ಕೂಡಿಡಬೇಕು. ಜೂನ್ ಬಂತೆಂದರೆ ಒಳಗೆ ಹೊಗೆ ಹಾಕಿ ಕಾಯುವುದು. ಯಂತ್ರಕ್ಕೆ ಹಾಕುವ ಮೊದಲು ನೀರಲ್ಲಿ ತೊಳೆದು, ಸ್ವಲ್ಪ ಪಸೆ ಇರುವಾಗಲೇ ಬಿಸಿ ಅಚ್ಚಿನಲ್ಲಿ ಒತ್ತಬೇಕು. ಪೂರ್ತಿ ಒಣಗಿದ್ದರೆ ಅಂಚು ಬಿರಿಯುತ್ತದೆ. ಪಸೆ ಜಾಸ್ತಿ ಆದರೆ ತಟ್ಟೆ ಮಾರನೇ ದಿನ ಸೊಟ್ಟ. ಎಷ್ಟು ಪಸೆ ಬೇಕು ಅಂತ ನಮಗೆ ಹೆಬ್ಬೆರಳು ಹೇಳುತ್ತದೆ. ಹಾಳೆಯ ಒಳಮೈ ಒತ್ತಿದರೆ ತಣ್ಣಗೆ ಅನಿಸಬೇಕು, ಬೆರಳಿಗೆ ನೀರು ಅಂಟಬಾರದು.

ಈಗ ನಮಗೆ ಒಂದು ಚಿಂತೆ ಬಂದಿದೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ, ಅಡಿಕೆ ಹಾಳೆಯ ತಟ್ಟೆಯಿಂದ ಅಡಿಕೆಯ ಆಲ್ಕಲಾಯ್ಡ್ ಎಂಬ ರಾಸಾಯನಿಕಗಳು ಊಟಕ್ಕೆ ಇಳಿಯಬಹುದು, ಅದಕ್ಕೆ ನಮ್ಮಲ್ಲಿ ಒಪ್ಪಿಗೆ ಇಲ್ಲ ಎಂದಿತು. ನಾವು ಹೊರದೇಶಕ್ಕೆ ಕಳಿಸುವವರಲ್ಲ. ಆದರೂ ಬೇಡಿಕೆ ಸರಪಳಿಯ ಹಾಗೆ. ಅಲ್ಲಿ ನಿಂತರೆ ಇಲ್ಲಿಯೂ ನಿಲ್ಲುತ್ತದೆ. ಊಟಕ್ಕೆ ತಾಗದ ವಸ್ತುವೊಂದು ನಮ್ಮ ಕೈಯಲ್ಲಿ ಇದ್ದರೆ ಧೈರ್ಯ. ತಟ್ಟೆ ಕತ್ತರಿಸಿದ ಅಂಚಿನ ಚೂರು ನಮ್ಮಲ್ಲಿ ಗೋಣಿಗಟ್ಟಲೆ ಇದೆ. ಅದೂ ನಾರೇ ಅಲ್ವಾ? ಗಿಡದ ಚಟ್ಟಿಗೆ ಆಗುವುದಾದರೆ ಕೊಡುತ್ತೇನೆ.

ನೀರ್ಚಾಲಿನ ತೋಟದವ

ಎಲ್ಲರಿಗೂ ಕೈ ಮುಗಿದೆ. ಒಂದು ವಾರ ಪ್ರಯೋಗ ಮಾಡಿದೆ. ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಮರಗೆಣಸು ತುರಿದು, ಪಂಚೆ ತುಂಡಿನಲ್ಲಿ ಹಿಂಡಿ, ಆ ನೀರನ್ನು ಪಾತ್ರೆಯಲ್ಲಿ ಬಿಟ್ಟೆ. ಎರಡು ಗಂಟೆಯಲ್ಲಿ ಅಡಿಯಲ್ಲಿ ಬಿಳಿ ಹಿಟ್ಟು ಕೂತಿತು. ಮೇಲಿನ ನೀರು ಚೆಲ್ಲಿ ಹಿಟ್ಟು ಒಣಗಿಸಿದೆ. ಒಂದು ಚಮಚ ಹಿಟ್ಟು, ನಾಲ್ಕು ಚಮಚ ನೀರು, ಸಣ್ಣ ಚಮಚದಲ್ಲಿ ಒಂದು ವಿನೆಗರ್, ಒಂದು ಗ್ಲಿಸರಿನ್. ಸಣ್ಣ ಉರಿಯಲ್ಲಿ ಕದಡುತ್ತಾ ಇದ್ದೆ. ಮೊದಲು ಹಾಲಿನ ಹಾಗೆ ಇದ್ದದ್ದು ಒಮ್ಮೆಲೇ ಗಟ್ಟಿಯಾಗಿ, ಗಾಜಿನ ಹಾಗೆ ತಿಳಿಯಾಯಿತು. ಸ್ಟೀಲ್ ತಟ್ಟೆಯಲ್ಲಿ ಸವರಿ ಎರಡು ದಿನ ನೆರಳಲ್ಲಿ ಇಟ್ಟೆ. ಎಬ್ಬಿಸಿದರೆ ಹಪ್ಪಳದಷ್ಟು ತೆಳು ಹಾಳೆ ಬಂತು, ಬಾಗುತ್ತದೆ, ಮುರಿಯುವುದಿಲ್ಲ. ಖುಷಿ ಆಯಿತು. ಅದರಲ್ಲಿ ಒಂದು ತುಂಡು ನೀರಿಗೆ ಹಾಕಿದೆ. ಸಂಜೆ ಹೊತ್ತಿಗೆ ಲೋಳೆ!

ಇಲ್ಲಿಗೇ ನನ್ನ ಮೊದಲ ಆಸೆ ಮುಗಿಯಿತು. ಅಡಿಕೆ ಗಿಡ ತೊಟ್ಟೆಯಲ್ಲಿ 12ರಿಂದ 18 ತಿಂಗಳು ಇರಬೇಕು. ಅಂದರೆ ಒಂದು ಪೂರ್ತಿ ಮಳೆಗಾಲ ದಾಟಬೇಕು. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಒಂದು ವರ್ಷ ಗಟ್ಟಿ ನಿಲ್ಲಬೇಕು, ಮಣ್ಣಿಗೆ ಇಳಿದ ಕೂಡಲೇ ಕೊಳೆಯಬೇಕು. ಎರಡನ್ನೂ ಒಟ್ಟಿಗೆ ಕೇಳಿದರೆ ಪಿಷ್ಟ ಏನು ಮಾಡೀತು?

ಬದಿಯಡ್ಕದ ನರ್ಸರಿ

ಅಡಿಕೆ ಬಿಡಿ, ಕರಿಮೆಣಸು ಹಿಡಿಯಿರಿ. ಹಬ್ಬು ಬಳ್ಳಿ ಕತ್ತರಿಸಿ ತೊಟ್ಟೆಗೆ ಹಾಕುವುದು ಫೆಬ್ರವರಿ, ಮಾರ್ಚ್ ತಿಂಗಳಲ್ಲಿ. ನೆಡುವುದು ಮೇ ಕೊನೆ, ಜೂನ್, ಮಳೆ ಹಿಡಿದ ಮೇಲೆ. ಮೂರು ತಿಂಗಳ ಲೆಕ್ಕ. ಅದೂ ಬೇಸಿಗೆ, ನೆರಳಿನ ಅಡಿ, ಕೈಯಿಂದ ಚಿಮುಕಿಸುವ ನೀರು. ನಿಮ್ಮ ಚಟ್ಟಿ ಮೂರು ತಿಂಗಳು ನಿಂತರೆ ಸಾಕು, ಮಳೆ ಬಂದಾಗ ಗಿಡದ ಜೊತೆಗೇ ಗುಂಡಿಗೆ ಹೋಗುತ್ತದೆ. ಮೆಣಸಿನ ಬೇರು ಬಹಳ ಮೆದು. ತೊಟ್ಟೆ ಸೀಳುವಾಗ ಮಣ್ಣು ಉದುರಿ ಬೇರು ಹರಿದು ಎಷ್ಟೋ ಗಿಡ ಹೋಗುತ್ತದೆ. ಚಟ್ಟಿ ಸಮೇತ ನೆಟ್ಟರೆ ಆ ಕಷ್ಟವೂ ಇಲ್ಲ.

40 ಚಟ್ಟಿ ಮಾಡಿ ಕೊಡಿ. ಜಾಗ, ಬಳ್ಳಿ, ನೀರು ನನ್ನದು.

ಮಂಜೇಶ್ವರದ ವಿದ್ಯಾರ್ಥಿನಿ

ಇದು ನನಗೆ ಹೊಳೆದೇ ಇರಲಿಲ್ಲ. ನಾನು ವಸ್ತುವನ್ನು ಗಟ್ಟಿ ಮಾಡುವುದು ಹೇಗೆ ಅಂತಲೇ ಯೋಚಿಸುತ್ತಿದ್ದೆ.

ಸಿಪ್ಪೆ ಮೆದು ಮಾಡಲು ಪ್ರಯೋಗಾಲಯದಲ್ಲಿ ಕಾಸ್ಟಿಕ್ ಸೋಡಾ ಹಾಕಿ ಕುದಿಸುತ್ತೇವೆ. ಲಿಗ್ನಿನ್ ಬಿಟ್ಟು ನಾರು ಬಿಡಿಬಿಡಿ ಆಗುತ್ತದೆ. ಕೈಗವಸು ಕಡ್ಡಾಯ.

ಪೆರ್ಲದ ಅಜ್ಜ

ಆ ಕಪ್ಪು ನೀರು ಎಲ್ಲಿಗೆ ಬಿಡುತ್ತೀ ಮಗಳೇ? ನಮ್ಮ ತೋಟಕ್ಕೆ ನೀರು ಬರುವುದು ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಿಂದ. ಅದೇ ನೀರು ಕುಡಿಯುವುದು. ಈ ಜಿಲ್ಲೆಯ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಏನೂ ಆಗುವುದಿಲ್ಲ ಅಂತಲೇ ಆಗಲೂ ಹೇಳಿದ್ದು. 2011ರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಅದನ್ನು ನಿಲ್ಲಿಸಿತು. ಅಷ್ಟರಲ್ಲಿ ಎಷ್ಟು ಮನೆಯ ಮಕ್ಕಳು ಹಾಸಿಗೆ ಹಿಡಿದಾಗಿತ್ತು. ನಾನು ಆ ಮನೆಗಳಿಗೆ ಹೋಗಿ ಬಂದವ. ಪ್ಲಾಸ್ಟಿಕ್ ಬೇಡ ಅಂತ ಹೊರಟು ಹೊಳೆಗೆ ಕಾಸ್ಟಿಕ್ ಬಿಡುವುದಾದರೆ ನನ್ನ ಒಪ್ಪಿಗೆ ಇಲ್ಲ.

ಬೂದಿ ನೀರಲ್ಲಿ ಬೇಯಿಸಿ ನೋಡಿ. ಹಿಂದೆ ಬಟ್ಟೆ ಒಗೆಯಲು ಅದೇ. ಕೈಗೆ ಜಾರುತ್ತದೆ, ಕೊಳೆ ಬಿಡಿಸುತ್ತದೆ. ಬಚ್ಚಲ ಒಲೆಯ ಬೂದಿ ನನ್ನಲ್ಲಿ ಬೇಕಷ್ಟು ಇದೆ.

ಮಂಜೇಶ್ವರದ ವಿದ್ಯಾರ್ಥಿನಿ

ಅಜ್ಜ, ನೀವು ಹೇಳಿದ್ದನ್ನು ಓದಿ ಎರಡು ದಿನ ಸುಮ್ಮನೆ ಕೂತೆ. ನಮ್ಮ ಮನೆಯವರೂ ಆ ಊರುಗಳನ್ನು ಬಲ್ಲವರು. ಹೊಳೆಗೆ ಬಿಡುವ ಯೋಚನೆ ನನಗೆ ಇರಲಿಲ್ಲ, ಆದರೆ ನೀರು ಎಲ್ಲಿಗೆ ಹೋಗುತ್ತದೆ ಅಂತ ಮೊದಲೇ ಹೇಳಬೇಕಿತ್ತು. ತಪ್ಪು ನನ್ನದು.

ಬೂದಿ ನೀರಿನ ವಿಷಯ ಬಹಳ ಒಳ್ಳೆಯದು. ಬೂದಿಯಲ್ಲಿ ಇರುವ ಕ್ಷಾರ ಹೆಚ್ಚಾಗಿ ಪೊಟ್ಯಾಸಿಯಂ ಕಾರ್ಬೊನೇಟ್. ಕಾಸ್ಟಿಕ್ ಸೋಡಾದಲ್ಲಿ ಇರುವುದು ಸೋಡಿಯಂ, ಅದು ಮಣ್ಣಿಗೆ ಒಳ್ಳೆಯದಲ್ಲ. ಪೊಟ್ಯಾಸಿಯಂ ಆದರೆ ಗಿಡಕ್ಕೇ ಬೇಕಾದದ್ದು. ಬೇಯಿಸಿ ಉಳಿದ ಕಂದು ನೀರನ್ನು ತಣಿಸಿ, ಚೆನ್ನಾಗಿ ನೀರು ಬೆರೆಸಿ, ಗೊಬ್ಬರದ ಗುಂಡಿಗೆ ಹಾಕಬಹುದು. ನಿಮ್ಮ 140 ಗ್ರಾಂ ಪೊಟ್ಯಾಶಿನ ಲೆಕ್ಕಕ್ಕೆ ಸ್ವಲ್ಪ ಮರಳಿ ಬಂದ ಹಾಗೆ. ಬೂದಿ ನೀರು ಕಾಸ್ಟಿಕ್‌ನಷ್ಟು ಬಲ ಇಲ್ಲ, ಹಾಗಾಗಿ ಲಿಗ್ನಿನ್ ಪೂರ್ತಿ ಬಿಡುವುದಿಲ್ಲ. ನಮಗೆ ಪೂರ್ತಿ ಬಿಡಬೇಕಾಗಿಯೂ ಇಲ್ಲ. ಲಿಗ್ನಿನ್ ಇದ್ದಷ್ಟು ಚಟ್ಟಿ ನಿಧಾನ ಕೊಳೆಯುತ್ತದೆ, ಮೂರು ತಿಂಗಳಿಗೆ ಅದು ಬೇಕು.

ತಾಳವಾಡಿಯಿಂದ

ನಮ್ಮದು ಈರೋಡು ಜಿಲ್ಲೆಯ ಬೆಟ್ಟದ ಮೇಲಿನ ಕನ್ನಡ ಊರು. ಮರಗೆಣಸಿನ ಹಿಟ್ಟಿಗೆ ತುರಿದು ಕಷ್ಟಪಡಬೇಡಿ. ಸೇಲಂ ಕಡೆ ಸಾಬಕ್ಕಿ ಮಾಡುವಲ್ಲಿ ಹಿಟ್ಟು ತೆಗೆದ ಮೇಲೆ ಉಳಿಯುವ ಜಿಗಟು ಹಿಪ್ಪೆಗೆ 'ತಿಪ್ಪಿ' ಅನ್ನುತ್ತಾರೆ. ಒಣಗಿಸಿ ದನದ ಮೇವಿಗೆ ಮಾರುತ್ತಾರೆ. ಅದರಲ್ಲಿ ಇನ್ನೂ ಸಾಕಷ್ಟು ಪಿಷ್ಟ ಉಳಿದಿರುತ್ತದೆ, ನಾರೂ ಇರುತ್ತದೆ. ಅಂಟಿಗೆ ಅದೇ ಸಾಕು. ತಿನ್ನುವ ಹಿಟ್ಟನ್ನು ಚಟ್ಟಿಗೆ ಹಾಕಲು ಮನಸ್ಸು ಒಪ್ಪುವುದಿಲ್ಲ.

ನೀರ್ಚಾಲಿನ ತೋಟದವ (ಫೆಬ್ರವರಿ)

ಚಟ್ಟಿ ಆಯಿತು. ಮಾಡಿದ ರೀತಿ ಹೀಗೆ.

ಸಿಪ್ಪೆಯನ್ನು ನಾಲ್ಕು ದಿನ ನೀರಲ್ಲಿ ನೆನೆಹಾಕಿದೆ. ಪೆರ್ಲದಿಂದ ಬಂದ ಬೂದಿಯನ್ನು ಬಟ್ಟೆಯಲ್ಲಿ ಸೋಸಿ, ಆ ನೀರಲ್ಲಿ ಮೂರು ಗಂಟೆ ಬೇಯಿಸಿದೆ. ಹಟ್ಟಿಯ ಹೊರಗೆ, ಸಿಪ್ಪೆಯದ್ದೇ ಬೆಂಕಿ. ನೀರು ಚಹಾದ ಬಣ್ಣಕ್ಕೆ ಬಂತು. ನಾರನ್ನು ಎರಡು ಸಲ ತೊಳೆದು ಕಲ್ಲಿನ ಒರಳಲ್ಲಿ ಕುಟ್ಟಿದೆ. ಮುಳ್ಳೇರಿಯದ ಹಾಳೆ ಚೂರನ್ನು ಹಾಗೇ ನೆನೆಸಿ ಕುಟ್ಟಿ ಬೆರೆಸಿದೆ. ಮೂರು ಪಾಲು ನಾರಿಗೆ ಒಂದು ಪಾಲು ಗೆಣಸಿನ ಅಂಟು. ತಿಪ್ಪಿ ಇನ್ನೂ ಬಂದಿಲ್ಲ, ಈ ಸಲಕ್ಕೆ ಹಿಟ್ಟೇ.

ಎರಡು ಸ್ಟೀಲ್ ಲೋಟ, ಒಂದು ದೊಡ್ಡದು ಒಂದು ಸಣ್ಣದು. ನಡುವೆ ಈ ಮುದ್ದೆ ಹಾಕಿ ಒತ್ತಿ, ಸಣ್ಣ ಲೋಟ ತಿರುಗಿಸಿ ಎಳೆಯುವುದು. ಮೊದಲ ಹತ್ತು ಚಟ್ಟಿ ಬಿಸಿಲಲ್ಲಿ ಇಟ್ಟೆ. ಎಲ್ಲವೂ ಬಿರಿದವು. ಮುಳ್ಳೇರಿಯದ ಅಕ್ಕನಿಗೆ ಫೋನ್ ಮಾಡಿದೆ. "ಬಿಸಿಲಿಗೆ ಇಡುವುದುಂಟಾ? ನೆರಳಲ್ಲಿ ಇಡಿ, ಎರಡನೇ ದಿನ ಮತ್ತೆ ಒತ್ತಿ" ಅಂದರು. ಹಾಗೆ ಮಾಡಿದೆ, ನಿಂತಿತು. ಗ್ಲಿಸರಿನ್ ಹಾಕಿದ್ದು ಮೆತ್ತಗಾಗಿ ಕುಸಿಯಿತು, ಹಾಕದ್ದೇ ಒಳ್ಳೆಯದು. ಅಡಿಯಲ್ಲಿ ಮೂರು ತೂತು.

ಹತ್ತು ಚಟ್ಟಿಗೆ ಹೊರಗಿನಿಂದ ಗೇರುಬೀಜದ ಸಿಪ್ಪೆಯ ಎಣ್ಣೆ ಸವರಿದ್ದೇನೆ. ಮಾಡಿನ ಮರಕ್ಕೆ ಗೆದ್ದಲು ಹಿಡಿಯದ ಹಾಗೆ ಅದನ್ನು ಹಚ್ಚುವುದು ಗೊತ್ತಿತ್ತು. ಕೈಗೆ ತಾಗಿದರೆ ಬೊಕ್ಕೆ ಏಳುತ್ತದೆ ಅಂತ ವಿದ್ಯಾರ್ಥಿನಿ ಮೊದಲೇ ಎಚ್ಚರಿಸಿದ್ದರಿಂದ ಕೈಗವಸು ಹಾಕಿ, ಸೋಗೆ ತುಂಡಿನಿಂದ ಸವರಿದೆ. ಉಳಿದ 30ಕ್ಕೆ ಏನೂ ಹಚ್ಚಿಲ್ಲ. ಒಟ್ಟು 40 ಬದಿಯಡ್ಕಕ್ಕೆ ಕೊಟ್ಟು ಬಂದೆ.

ಬದಿಯಡ್ಕದ ನರ್ಸರಿ (ಏಪ್ರಿಲ್)

ಐದನೇ ವಾರ ಎಲೆ ಹಳದಿ ಆಯಿತು, ಚಟ್ಟಿಯಲ್ಲಿ ಇದ್ದದ್ದು ಮಾತ್ರ. ಪಕ್ಕದ ತೊಟ್ಟೆಯ ಗಿಡ ಹಸಿರಾಗೇ ಇದೆ. ರೋಗ ಅಂತ ಹೆದರಿದೆ. ಕಿತ್ತು ನೋಡಿದರೆ ಬೇರು ಬಿಳಿ, ಚೆನ್ನಾಗಿದೆ. ಹಸಿ ಸಿಪ್ಪೆ ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಎಳೆದುಕೊಳ್ಳುತ್ತದೆ, ಗೊಬ್ಬರ ಗುಂಡಿಯಲ್ಲೂ ಇದೇ ಆಗುವುದು. ನೆಲಗಡಲೆ ಹಿಂಡಿ ನೆನೆಸಿದ ನೀರು ವಾರಕ್ಕೊಮ್ಮೆ ಕೊಟ್ಟೆ. ಮೂರನೇ ವಾರಕ್ಕೆ ಹಸಿರು ಮರಳಿತು. ಮುಂದಿನ ಸಲ ಕುಟ್ಟುವಾಗಲೇ ಸ್ವಲ್ಪ ಹಿಂಡಿ ಸೇರಿಸಿ.

ಐದು ಚಟ್ಟಿಗೆ ಬೂಸ್ಟು ಹಿಡಿದು ಕುಸಿದಿದೆ. ನೆರಳು ಜಾಸ್ತಿ ಇದ್ದ ಮೂಲೆಯವು.

ಬದಿಯಡ್ಕದ ನರ್ಸರಿ (ಜೂನ್)

ನೆಟ್ಟಾಯಿತು. ಬೂಸ್ಟು ಹಿಡಿದ ಐದು ಬಿಟ್ಟರೆ ಉಳಿದ 35ರಲ್ಲಿ 9 ಎತ್ತುವಾಗ ಅಡಿ ಬಿಟ್ಟುಕೊಟ್ಟಿತು. ಗಿಡಕ್ಕೆ ತೊಂದರೆ ಆಗಲಿಲ್ಲ, ಕೈಯಲ್ಲಿ ಹಿಡಿದು ಗುಂಡಿಗೆ ಇಳಿಸಿದೆವು. 26 ಗಟ್ಟಿ ಇತ್ತು. ಆದರೆ ಲಾರಿಯಲ್ಲಿ ದೂರ ಕಳಿಸಲು ಇದು ಆಗದು, ನೇರವಾಗಿ ಹೇಳಿಬಿಡುತ್ತೇನೆ. ಹತ್ತಿರದ ತೋಟಕ್ಕೆ ಆಗುತ್ತದೆ.

ಮೂರು ವಾರ ಮಳೆ ಸುರಿದ ಮೇಲೆ ನಿನ್ನೆ ಎರಡು ಗಿಡದ ಬುಡ ಬಿಡಿಸಿ ನೋಡಿದೆ. ಏನೂ ಹಚ್ಚದ ಚಟ್ಟಿಯ ಗೋಡೆ ಒದ್ದೆ ಕಾಗದದ ಹಾಗೆ ಬೆರಳಿಗೆ ಬಂತು. ಬೇರು ನಾಲ್ಕೂ ಕಡೆಯಿಂದ ಗೋಡೆ ದಾಟಿ ಹೊರಗೆ ಬಂದಿದೆ, ಸಣ್ಣ ಸಣ್ಣ ಬಿಳಿ ತುದಿ. ಒಂದು ಎರೆಹುಳು ಗೋಡೆಯ ಒಳಗೇ ಮನೆ ಮಾಡಿತ್ತು. ಗೇರು ಎಣ್ಣೆ ಹಚ್ಚಿದ್ದು ಇನ್ನೂ ಗಟ್ಟಿ ಇದೆ. ಬೇರು ಒಳಗೇ ಸುತ್ತುತ್ತಿದೆ. ಆ ಹತ್ತನ್ನೂ ಅಗೆದು ಗೋಡೆ ಒಡೆದು ಬಿಟ್ಟೆ. ಎಣ್ಣೆ ಬೇಡ.

ಪೆರ್ಲದ ಅಜ್ಜ

ಅಡಿಕೆ ಗಿಡಕ್ಕೆ ಆ ಎಣ್ಣೆಯದ್ದು ನೋಡಬಹುದಲ್ಲ. ಅದು ಒಂದು ವರ್ಷ ನಿಂತರೆ ಸಾಕು. ನೆಡುವಾಗ ಗೋಡೆ ಒಡೆದು ನೆಡುವುದು. ಚೂರು ಮಣ್ಣಲ್ಲಿ ಉಳಿದರೂ ಗೆದ್ದಲು, ಅಣಬೆ ನೋಡಿಕೊಳ್ಳುತ್ತವೆ. ನನ್ನಲ್ಲಿ ಮೊಳಕೆ ಬಂದ 20 ಗೋಟು (ಬಿತ್ತನೆಯ ಅಡಿಕೆ) ಇದೆ. ಕೊಡುತ್ತೇನೆ.

ಮಂಜೇಶ್ವರದ ವಿದ್ಯಾರ್ಥಿನಿ

ಎಣ್ಣೆ ಹಚ್ಚಿದ ಚಟ್ಟಿಯ ಪಕ್ಕದ ಮಣ್ಣು ಒಂದು ಮುಷ್ಟಿ, ಹಚ್ಚದ್ದರ ಪಕ್ಕದ್ದು ಒಂದು ಮುಷ್ಟಿ ಬೇರೆ ಬೇರೆ ಕಟ್ಟಿ ಇಡಿ. ಆ ಎಣ್ಣೆ ಮಣ್ಣಿನ ಸೂಕ್ಷ್ಮಜೀವಿಗೆ ಏನು ಮಾಡಿದೆ ಅಂತ ನೋಡದೆ ಅಡಿಕೆಗೆ ಹಚ್ಚುವುದು ಬೇಡ. ಮುಂದಿನ ಶನಿವಾರ ಬಂದು ತೆಗೆದುಕೊಂಡು ಹೋಗುತ್ತೇನೆ.

ನೀರ್ಚಾಲಿನ ತೋಟದವ

ಮುಂದಿನ ಫೆಬ್ರವರಿಗೆ 200 ಚಟ್ಟಿ ಮಾಡಬೇಕು ಅಂತ ಇದೆ. ಸಿಪ್ಪೆ ನನ್ನಲ್ಲಿ ಇದೆ. ಬೂದಿ ಅಜ್ಜನವರದ್ದು. ತಿಪ್ಪಿ ಒಂದು ಗೋಣಿ ತಾಳವಾಡಿಯಿಂದ ಬಸ್ಸಿನಲ್ಲಿ ಹೊರಟಿದೆಯಂತೆ. ಲೋಟದಲ್ಲಿ 200 ಒತ್ತಲು ನನ್ನ ಮಣಿಕಟ್ಟು ಕೇಳದು, ಹಾಳೆತಟ್ಟೆಯ ಯಂತ್ರಕ್ಕೆ ಚಟ್ಟಿಯ ಅಚ್ಚು ಹಾಕಲು ಆಗುತ್ತದಾ?

ಮುಳ್ಳೇರಿಯದ ಹಾಳೆತಟ್ಟೆ

ದೊನ್ನೆಯ ಅಚ್ಚು ಇದೆ, ಆಳ ಸಾಲದು. ಅಚ್ಚು ಮಾಡುವವರನ್ನು ಕೇಳಿದ್ದೇನೆ, ಅಳತೆ ಬರೆದು ಕಳಿಸಿ. ಹಾಳೆ ಚೂರು ಐದು ಗೋಣಿ ಕಟ್ಟಿ ಅಟ್ಟದಲ್ಲಿ ಇಟ್ಟಿದ್ದೇನೆ, ಮಳೆ ತಾಗಿಲ್ಲ. ಬರುವಾಗ ಖಾಲಿ ಗೋಣಿ ತನ್ನಿ, ನಮ್ಮಲ್ಲಿ ಗೋಣಿ ಕಡಿಮೆ ಇದೆ.